ಕಲ್ಕಲ್ ಬಾಚಣಿಗೆ

ಆಗಿನ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆಗ ಹೇನು ಇತ್ತು. ಮೊದಲು ಅದನ್ನು ಬರೆಯಬೇಕು. ಕಾಮಾಕ್ಷಿಪಾಳ್ಯದ ನಮ್ಮ ಸಾಲುಮನೆಯಲ್ಲಿ ಹೇನಿಲ್ಲದ ತಲೆ ಅಂದರೆ ನಮ್ಮ ಅಪ್ಪನದು ಒಂದೇ, ಯಾಕೆಂದರೆ ಅಪ್ಪನಿಗೆ ಕೂದಲೇ ಇರಲಿಲ್ಲ. ಮನೆ ಮುಂದೆ ಎಮ್ಮೆ ಗಂಜಲ, ಹಿಂದೆ ಬಚ್ಚಲ ನೀರಿನ ಗುಂಡಿ, ನಡುವೆ ನೊಣ. ನೆನಪಿನಲ್ಲಿ ಎಲ್ಲಕ್ಕೂ ಘಮ ಬರುತ್ತದೆ ಅನ್ನುತ್ತಾರೆ. ನನಗೆ ಇವತ್ತಿಗೂ ನಾತವೇ ಬರುತ್ತದೆ.

ನನಗಾಗ ಒಂಬತ್ತು ವರ್ಷ. ಆ ವರ್ಷದ ಕ್ರಿಸ್‌ಮಸ್ಸಿನ ಮಾತು ಇದು. ನಡೆದ ಹಾಗೆ ಹೇಳುತ್ತೇನೆ. ತಿಂಡಿ ತಿನ್ನುತ್ತಾ ಓದಬೇಡಿ.

ಸಾಲಿನಲ್ಲಿ ಐದು ಮನೆ. ಐದೂ ಸಾಕಮ್ಮಜ್ಜಿಯದು, ಅವಳಿದ್ದದ್ದು ಎದುರಿನ ಸ್ವಂತ ಮನೆಯಲ್ಲಿ. ಗೌಡರ ಮನೆಯ ಹಿರಿಯಳು, ಗಂಡ ಇಲ್ಲ, ಹೊಲ ಇತ್ತು, ನಾಲ್ಕು ಎಮ್ಮೆ ಇದ್ದವು, ಬಾಯಲ್ಲಿ ಎಂಟೋ ಒಂಬತ್ತೋ ಹಲ್ಲು. ಬಾಡಿಗೆಗೆ ಇದ್ದವರಲ್ಲಿ ಕ್ರಿಸ್ತರವರು ನಾವೊಬ್ಬರೇ. ಅಪ್ಪ ಮಾಗಡಿ ರಸ್ತೆಯ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಜ್ಜಿ ಕೆಟ್ಟವಳಲ್ಲ. ಮಜ್ಜಿಗೆ ಕೊಡುತ್ತಿದ್ದಳು, ಆದರೆ ನಮ್ಮ ಪಾತ್ರೆಗೆ ಮೇಲಿನಿಂದ ಸುರಿಯುತ್ತಿದ್ದಳು. ಅಪ್ಪ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಪೇಟೆಯಿಂದ ಒಂದು ಚೀಲ ಮುಚ್ಚಿಕೊಂಡು ತರುತ್ತಿದ್ದನಲ್ಲ, ಆ ಚೀಲದ ಮೇಲೆ ಅವಳ ಕಣ್ಣು. ಅದರಲ್ಲಿ ಯಾವ ಮಾಂಸ ಇದೆ ಅಂತ ಅವಳಿಗೆ ಗೊತ್ತಿತ್ತು. ಅವರೂ ಕುರಿ ಕೋಳಿ ತಿನ್ನುವವರೇ. ಇದು ಮಾತ್ರ ಬೇಡ.

ಹಾಗಾಗಿ ಪ್ರತಿ ಕ್ರಿಸ್‌ಮಸ್ಸಿಗೂ ಅಮ್ಮ ಬೇರೆ ನಾಲ್ಕು ಮನೆಗೆ ತಿಂಡಿ ತಟ್ಟೆ ಕಳಿಸಿದರೆ ಅಜ್ಜಿಗೆ ಬಾಳೆಹಣ್ಣು, ತೆಂಗಿನಕಾಯಿ ಕಳಿಸುತ್ತಿದ್ದಳು. ಅಜ್ಜಿ ಅದಕ್ಕೂ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದಳು. ಅಮ್ಮ ಅಡುಗೆಮನೆಗೆ ಬಂದು ಗೋಡೆಗೆ ಹೇಳುತ್ತಿದ್ದಳು: "ನನ್ನ ಕೈಯಲ್ಲೇನು ಹುಳ ಇದ್ಯಾ?"

ಆ ವರ್ಷ ಮಳೆಗಾಲದಲ್ಲಿ ಅಜ್ಜಿಯ ಸೊಸೆಗೆ ಹೆರಿಗೆ ನೋವು ಬಂತು. ಸೂಲಗಿತ್ತಿ ಹೆಗ್ಗನಹಳ್ಳಿಯಿಂದ ಬರಬೇಕಿತ್ತು, ಬರಲಿಲ್ಲ. ಯಾರೂ ಕರೆಯದೇ ಅಮ್ಮ ಸೀರೆ ಎತ್ತಿ ಕಟ್ಟಿಕೊಂಡು ಹೋದಳು. ಮಗು ಉಳಿಯಿತು, ತಾಯಿಯೂ ಉಳಿದಳು. ಡಿಸೆಂಬರ್ ಹುಟ್ಟಿದ ಮೇಲೆ ಒಂದು ದಿನ ಅಜ್ಜಿ ಎಮ್ಮೆ ಹಾಲು ಕರೆಯುತ್ತಾ ಕುಳಿತಲ್ಲಿಂದಲೇ ಕೂಗಿದಳು.

"ಮರಿಯಮ್ಮ, ಈ ಸಲ ಬಾಳೇಹಣ್ಣು ತರಬೇಡ ಕಣೆ."

ಅಮ್ಮನ ಮುಖ ಸಣ್ಣದಾಯಿತು. "ಯಾಕಮ್ಮಾವ್ರೇ?"

"ನೀನು ಮಾಡ್ತೀಯಲ್ಲ, ಸುರುಳಿ ಸುರುಳಿ ಗೆರೆ ಗೆರೆ, ಅದನ್ನ ತಗೊಂಬಾ. ಎಲ್ರ ಮುಂದೆ ಜಗಲಿ ಮೇಲೆ ಕೂತ್ಕೊಂಡು ತಿಂತೀನಿ. ಯಾರು ಏನಂತಾರೋ ನೋಡ್ತೀನಿ."

ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಅಮ್ಮ ಸುಣ್ಣ ಬಳಿದಳು. ಬಾಣಲೆಯನ್ನು ಬೂದಿ ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದಳು. ನಮ್ಮ ಉಗುರು ಕತ್ತರಿಸಿದಳು, ರಕ್ತ ಬಂತು. ಅಪ್ಪನಿಗೆ ಹೇಳಿದಳು, "ಹಬ್ಬ ಮುಗಿಯೋ ತನಕ ಆ ಚೀಲ ಹೊಸ್ಲು ದಾಟ್ಬಾರ್ದು."

"ಆ ಮುದುಕಿ ತಿನ್ನೋದು ಎರಡು ಕಲ್ಕಲ್ಲು. ಅದಕ್ಕೆ ನಾನು ಒಂದು ತಿಂಗ್ಳು ಸೊಪ್ಪು ತಿನ್ಬೇಕಾ?"

"ಮಾಂಸ ಬಿಡೋ ತಪಸ್ಸು ಕಾಲ ಈ ಸಲ ಮುಂಚೆ ಬಂತು ಅಂದ್ಕೊಳ್ಳಿ."

ಕಲ್ಕಲ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೈದಾಹಿಟ್ಟಿಗೆ ಮೊಟ್ಟೆ, ತೆಂಗಿನಹಾಲು, ಸಕ್ಕರೆ ಹಾಕಿ ಗಟ್ಟಿಯಾಗಿ ಕಲಸಬೇಕು. ಗೋಲಿ ಗಾತ್ರದ ಉಂಡೆ ಮಾಡಿ, ಗೆರೆ ಬೀಳುವ ಹಾಗೆ ಒತ್ತಿ, ಶಂಖದ ಹಾಗೆ ಸುತ್ತಿ, ಎಣ್ಣೆಯಲ್ಲಿ ಕರಿದು ಪಾಕದಲ್ಲಿ ಹೊರಳಿಸಬೇಕು. ದಂಡು ಅಂದರೆ ಕಂಟೋನ್ಮೆಂಟ್ ಕಡೆಯ ಮನೆಗಳಲ್ಲಿ ಗೆರೆ ಬೀಳಿಸಲು ಫೋರ್ಕ್ ಇರುತ್ತಿತ್ತು. ನಾವು ಮುದ್ದೆ ತಿನ್ನುವವರು, ನಮಗೆ ಎಲ್ಲಿಯ ಫೋರ್ಕು. ನಮ್ಮಲ್ಲಿ ಬಾಚಣಿಗೆ. ತಲೆ ಬಾಚುವುದಲ್ಲ. ಮರದ್ದು, ಕಲ್ಕಲ್ಲಿಗೆ ಅಂತಲೇ ಕೊಂಡದ್ದು. ವರ್ಷವೆಲ್ಲ ಅದು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಗೋಡೆಯ ಗೂಡಿನಲ್ಲಿ ಮಾತೆಯ ಪಟದ ಪಕ್ಕ ಇರುತ್ತಿತ್ತು. ಅದನ್ನು ಮುಟ್ಟಿದರೆ ಕೈ ಮುರಿಯುತ್ತೇನೆ ಅಂತ ಅಮ್ಮ ಹೇಳಿದ್ದಳು. ನಾವು ಯಾರೂ ಮುಟ್ಟಿರಲಿಲ್ಲ.

ಹಬ್ಬಕ್ಕೆ ವಾರ ಇರುವಾಗ ಕೆಂಗೇರಿ ಆಚೆಯ ಹಳ್ಳಿಯಿಂದ ಜಪಮಾಲೆ ಅತ್ತೆ ಬಂದಳು, ಅಪ್ಪನ ಅಕ್ಕ. ಮಾವ ತೀರಿಹೋಗಿ ಆರು ತಿಂಗಳಾಗಿತ್ತು. ಜೊತೆಗೆ ಆರು ವರ್ಷದ ಫಿಲೋಮಿ. ಆ ಹುಡುಗಿ ಬಂದು ಕುಳಿತ ಕೂಡಲೇ ಎರಡೂ ಕೈಯಲ್ಲಿ ತಲೆ ಕೆರೆಯಲು ಶುರು ಮಾಡಿದಳು. ಕೂದಲಿನ ಬುಡದಲ್ಲಿ ಸೀರು ಬೆಳ್ಳಗೆ ಸಾಲು ಹಿಡಿದು ಕುಳಿತಿತ್ತು, ರವೆ ಚೆಲ್ಲಿದ ಹಾಗೆ. ಕಿವಿಯ ಹಿಂದೆ ಹುಣ್ಣು. ನಾನು ಚಾಪೆಯ ಇನ್ನೊಂದು ತುದಿಗೆ ಹೋಗಿ ಮಲಗಿದೆ.

ಆದರೂ ಮೊದಲ ದಿನ ಕಲ್ಕಲ್ ಮಾಡಲು ಕುಳಿತಾಗ ಖುಷಿ ಇತ್ತು, ಸುಳ್ಳು ಹೇಳುವುದಿಲ್ಲ. ಹಬ್ಬಕ್ಕೆ ಕಟ್ಟುವ ಗೋದಲಿಗೆ ಹುಲ್ಲಾಗಲಿ ಅಂತ ಒಡಕು ಡಬ್ಬಿಗಳಲ್ಲಿ ಹಾಕಿದ್ದ ರಾಗಿ ಮೊಳಕೆ ಬೆರಳುದ್ದ ಬಂದಿತ್ತು. ಅಪ್ಪ ಬಿದಿರು ಸೀಳಿ ನಕ್ಷತ್ರ ಕಟ್ಟುತ್ತಿದ್ದ, ಅಂಟಿನ ಗಂಜಿ ಗಡ್ಡಕ್ಕೆಲ್ಲ ಮೆತ್ತಿಕೊಂಡಿದ್ದ. ಅಮ್ಮ, ಅಕ್ಕ ಲೂರ್ದು, ಅತ್ತೆ, ನಾನು ಸುತ್ತ ಕುಳಿತು ಉಂಡೆ ಕಟ್ಟಿದೆವು. ಬಾಚಣಿಗೆ ಒಂದೇ, ಆದ್ದರಿಂದ ಸರದಿ. ಯಾರದು ಗೆರೆ ನೆಟ್ಟಗೆ ಬಂತು, ಯಾರದು ಹರಿಯಿತು ಅಂತ ಜಗಳ. ಎಣ್ಣೆಯಲ್ಲಿ ಬಿದ್ದಾಗ ತೆಂಗಿನಹಾಲಿನ ವಾಸನೆ ಬೀದಿಯವರೆಗೂ ಹೋಯಿತು.

ಬಾಲಯೇಸುವನ್ನು ಗೋದಲಿಯಲ್ಲಿ ಮಲಗಿಸುವ ತನಕ ಒಂದನ್ನೂ ಬಾಯಿಗೆ ಹಾಕಬಾರದು, ಅದು ನಿಯಮ. ಅಮ್ಮ ನೀರಿಗೆ ಹೋದಾಗ ನಾನು ಒಂದು ಹಿಡಿ ತೆಗೆದು ಚಡ್ಡಿ ಜೇಬಿಗೆ ಹಾಕಿಕೊಂಡೆ. ತಿರುಗಿದರೆ ಬಾಗಿಲಲ್ಲಿ ಅತ್ತೆ. ನಕ್ಕಳು, ಅಷ್ಟೆ.

ಮರುದಿನ ಬೆಳಿಗ್ಗೆ ಹಿತ್ತಿಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅತ್ತೆ ಕುಳಿತಿದ್ದಳು. ಕಾಲುಗಳ ನಡುವೆ ಫಿಲೋಮಿಯ ತಲೆ. ಕೆಳಗೆ ಬಿಳಿ ಬಟ್ಟೆ ಹಾಸಿತ್ತು. ಅತ್ತೆ ಬುಡದಿಂದ ತುದಿಯವರೆಗೆ ಗಟ್ಟಿಯಾಗಿ ಎಳೆದಾಗ ಹೇನು ಬಟ್ಟೆಯ ಮೇಲೆ ಟಪ ಟಪ ಬೀಳುತ್ತಿದ್ದವು. ಬಿದ್ದವು ಓಡುತ್ತಿದ್ದವು. ಅತ್ತೆ ಎರಡು ಹೆಬ್ಬೆರಳಿನ ಉಗುರಿನ ನಡುವೆ ಹಿಡಿದು ಚಟ್ ಅಂತ ಒಡೆಯುತ್ತಿದ್ದಳು. ಉಗುರು ಕೆಂಪಾಗಿತ್ತು. ನಾನು ಸುಮ್ಮನೆ ನೋಡುತ್ತಾ ನಿಂತೆ, ಹೇನು ನಮಗೆ ಹೊಸದಲ್ಲ. ಆಮೇಲೆ ಬಾಚಣಿಗೆ ನೋಡಿದೆ. ಬಟ್ಟೆ ನೋಡಿದೆ.

"ಅತ್ತೆ, ಅದು ಕಲ್ಕಲ್ ಬಾಚಣಿಗೆ!"

"ನಿಮ್ಮನೇಲಿ ಇನ್ನೊಂದರ ಹಲ್ಲೆಲ್ಲ ಮುರಿದೋಗಿದೆ ಕಣೋ. ಇದು ಗಟ್ಟಿಗಿದೆ. ತೊಳೆದಿಟ್ರೆ ಆಯ್ತಪ್ಪ."

"ಅಮ್ಮಂಗೆ ಹೇಳ್ತೀನಿ."

ಅತ್ತೆ ಬಾಚುವುದನ್ನು ನಿಲ್ಲಿಸಲಿಲ್ಲ. "ಹೇಳೋ ಇನ್ನಾಸಿ. ನಾನೂ ಹೇಳ್ತೀನಿ, ನಿನ್ನ ಚಡ್ಡಿ ಜೇಬಲ್ಲಿ ಏನಿತ್ತು ಅಂತ. ಇಬ್ರೂ ಒಟ್ಟಿಗೇ ಹೋಗೋಣ ಬಾ."

ನಾನು ಹೋಗಲಿಲ್ಲ. ಅತ್ತೆ ಬಾಚಣಿಗೆಯನ್ನು ಒಂದು ಚೊಂಬು ನೀರಿನಲ್ಲಿ ಅದ್ದಿ, ಸೀರೆ ಸೆರಗಿಗೆ ಒರೆಸಿ, ಅದೇ ಬಟ್ಟೆಯನ್ನು ಕೊಡವಿ, ಅದರಲ್ಲೇ ಸುತ್ತಿ ಮಾತೆಯ ಪಕ್ಕ ಇಟ್ಟಳು. ಇಟ್ಟು ಶಿಲುಬೆ ಗುರುತು ಬೇರೆ ಹಾಕಿಕೊಂಡಳು.

ಮಧ್ಯಾಹ್ನ ಎರಡನೆಯ ದಿನದ ಹಿಟ್ಟು. ಬಾಚಣಿಗೆ ನನ್ನ ಸರದಿಗೆ ಬಂತು. ಹಲ್ಲುಗಳ ಸಂದಿಯಲ್ಲಿ ಹಿಟ್ಟಿನ ಜೊತೆ ಏನೋ ಬೂದು ಬಣ್ಣದ್ದು ಇತ್ತು. ನಾನು ಒತ್ತಿದ ಉಂಡೆಯ ಮೇಲೆ ಒಂದು ಕಪ್ಪು ಚುಕ್ಕೆ ಕೂತಿತು. ಎಳ್ಳು ಇರಬೇಕು ಅಂದುಕೊಂಡೆ. ಕಲ್ಕಲ್ಲಿಗೆ ಎಳ್ಳು ಹಾಕುವುದಿಲ್ಲ. ಉಂಡೆ ಕೈಬಿಟ್ಟೆ.

"ಏನೋ ಅದು ದೊಡ್ಡ ಕಲೆಕ್ಟರ್ ಥರ ಕೂತಿದೀಯ? ಒತ್ತೋ!" ಅಂದಳು ಅಮ್ಮ.

"ಕೈ ನೋವು."

"ಗೋಲಿ ಆಡಕ್ಕೆ ನೋವಿಲ್ಲ. ಅಮ್ಮಾವ್ರಿಗೆ ಕೊಡೋದು, ಗೆರೆ ನೆಟ್ಟಗೆ ಬರ್ಬೇಕು. ಲೂರ್ದು, ನೀನು ತಗೊಳ್ಳೆ."

ಅಮ್ಮ ಹಾಡು ಗುನುಗುತ್ತಿದ್ದಳು. ಅವಳು ಹಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಹೇಳುವುದಕ್ಕೆ ಬಾಯಿ ತೆರೆದೆ, ಅತ್ತೆ ನನ್ನ ಚಡ್ಡಿ ಜೇಬು ನೋಡಿದಳು, ಮುಚ್ಚಿಕೊಂಡೆ. ಸಂಜೆಗೆ ಎರಡು ದಿನದ ಕಲ್ಕಲ್ಲೂ ಒಂದೇ ಬಿಸ್ಕತ್ ಡಬ್ಬಕ್ಕೆ ಬಿದ್ದವು. ಅಮ್ಮ ಚೆನ್ನಾಗಿ ಕುಲುಕಿದಳು. ಯಾವುದು ಮೊದಲ ದಿನದ್ದು, ಯಾವುದು ಹೇನಿನದು, ದೇವರಿಗೂ ತಿಳಿಯದ ಹಾಗೆ ಆಯಿತು.

ಕ್ರಿಸ್‌ಮಸ್ ಬೆಳಿಗ್ಗೆ ಪೂಜೆ ಮುಗಿಸಿ ಒಂದು ಗಂಟೆ ನಡೆದು ಮನೆಗೆ ಬಂದೆವು. ಹೊಸ ಅಂಗಿ ಕಂಕುಳಲ್ಲಿ ಕಡಿಯುತ್ತಿತ್ತು. ಅಪ್ಪ ಬಾಲಯೇಸುವನ್ನು ರಾಗಿ ಪೈರಿನ ನಡುವೆ ಮಲಗಿಸಿದ. ಎಲ್ಲರ ಕೈಗೂ ಕಲ್ಕಲ್ ಬಂತು. ಅಪ್ಪ ಕುರುಕುರು ತಿಂದ. ಫಿಲೋಮಿ ಒಂದು ಕೈಯಲ್ಲಿ ತಿನ್ನುತ್ತಾ ಇನ್ನೊಂದು ಕೈಯಲ್ಲಿ ಕೆರೆದುಕೊಳ್ಳುತ್ತಿದ್ದಳು. ವರ್ಷವೆಲ್ಲ ಬೇಡಿ ಬೇಡಿ ಕಾದ ತಿಂಡಿ, ನನ್ನ ಕೈಯಲ್ಲಿ ಬೆವತು ಅಂಟಾಯಿತು. ಗೋದಲಿಯ ಹಿಂದೆ ಎಸೆದೆ.

ಅಮ್ಮ ದೊಡ್ಡ ಹಿತ್ತಾಳೆ ತಟ್ಟೆಯ ತುಂಬ ಕಲ್ಕಲ್ ಸುರಿದು, ಮೇಲೆ ತಾನೇ ಹೆಣೆದ ಕ್ರೋಶಾ ಬಟ್ಟೆ ಮುಚ್ಚಿ ನನ್ನ ಕೈಗೆ ಕೊಟ್ಟಳು. "ನೀನೇ ಹಿಡ್ಕೊ. ಗಂಡು ಮಗ, ಹೊಸ ಬಟ್ಟೆ ಹಾಕಿದೀಯ."

ಅಜ್ಜಿಯ ಜಗಲಿಗೆ ಮೂವತ್ತು ಹೆಜ್ಜೆ. ಅಮ್ಮ, ಲೂರ್ದು, ಅತ್ತೆ ನನ್ನ ಹಿಂದೆ ಬಂದರು. ದಾರಿಯಲ್ಲಿ ಎಮ್ಮೆಗಳ ಕಲಗಚ್ಚಿನ ಬಾನಿ. ಅಲ್ಲಿ ಎಡವಿ ಬೀಳಬೇಕು, ತಟ್ಟೆ ಬಾನಿಗೆ ಹೋಗಬೇಕು, ಎಮ್ಮೆ ತಿಂದುಕೊಳ್ಳಲಿ ಅಂತ ಲೆಕ್ಕ ಹಾಕಿದೆ. ಬಾನಿಯ ಹತ್ತಿರ ಬಂದಾಗ ಕಾಲು ತೊಡರಿಸಿಕೊಂಡೆ ಕೂಡ. ಅಮ್ಮ ಹಿಂದಿನಿಂದ ತಟ್ಟೆಯ ಅಡಿಗೆ ಕೈ ಕೊಟ್ಟಳು. "ಹುಷಾರು ಮಗಾ," ಅಂದಳು. ಆಮೇಲೆ ಅವಳು ಕೈ ತೆಗೆಯಲೇ ಇಲ್ಲ.

ಜಗಲಿಯ ಮೇಲೆ ಅಜ್ಜಿ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಕುಳಿತಿದ್ದಳು. ಸಾಲುಮನೆಯ ಹೆಂಗಸರೆಲ್ಲ ಕೆಳಗೆ ನಿಂತಿದ್ದರು. ಸೊಸೆ ಬಾಗಿಲ ಹಿಂದೆ, ಸೊಂಟದ ಮೇಲೆ ಮಗು. ಅಜ್ಜಿ ಬಟ್ಟೆ ಸರಿಸಿ ಒಂದು ಕಲ್ಕಲ್ ತೆಗೆದು ಬಿಸಿಲಿಗೆ ಹಿಡಿದಳು.

"ಎಷ್ಟು ಚೆಂದಾಗಿ ಗೆರೆ ಎಳ್ದಿದೀಯೇ! ಯಾತ್ರಲ್ಲಿ ಎಳೀತೀಯ ಇದನ್ನ?"

ಅಮ್ಮ ಬಾಯಿ ತೆರೆಯುವ ಮೊದಲೇ ಲೂರ್ದು ಜಂಬದಿಂದ ಹೇಳಿದಳು, "ಬಾಚಣಿಗೇಲಿ ಅಜ್ಜಿ!"

ಮೂರನೇ ಮನೆಯ ರಂಗಮ್ಮ ಸೆರಗನ್ನು ಬಾಯಿಗೆ ಹಿಡಿದಳು.

"ಬೇರೆ ಬಾಚಣಿಗೆ ಅಮ್ಮಾವ್ರೇ," ಅಂದಳು ಅಮ್ಮ. "ಇದಕ್ಕೇ ಅಂತ ಇಟ್ಟಿರೋದು. ತಲೆ ಸೋಕಿಲ್ಲ. ಮಾತೆ ಮೇಲಾಣೆ, ದೇವ್ರ ಪಕ್ಕದಲ್ಲಿ ಇಟ್ಟಿರ್ತೀನಿ."

ನಾನು ಅತ್ತೆಯನ್ನು ನೋಡಿದೆ. ಅತ್ತೆ ನೆಲ ನೋಡುತ್ತಿದ್ದಳು.

ಅಜ್ಜಿ ಕಲ್ಕಲ್ ಬಾಯಿಗೆ ಹಾಕಿಕೊಂಡಳು. ಇರುವ ಎಂಟು ಹಲ್ಲಿನಲ್ಲಿ ಎಡಕ್ಕೆ ಬಲಕ್ಕೆ ಸರಿಸಿ ಸರಿಸಿ ಅಗಿದಳು. "ಸಿಹಿ ಹದವಾಗೈತೆ," ಅಂದಳು. ಎರಡನೆಯದು ಹಾಕಿಕೊಂಡಳು. ಅರ್ಧ ಅಗಿದು ನಿಲ್ಲಿಸಿದಳು. ಬಾಯಿಯೊಳಗೆ ಎರಡು ಬೆರಳು ಹಾಕಿದಳು. ಎಳೆದಳು. ಬಂತು, ಬಂತು, ಇನ್ನೂ ಬಂತು. ಒಂದು ಗೇಣು ಉದ್ದದ ಕೂದಲು, ಅಗಿದ ಹಿಟ್ಟು ಮೆತ್ತಿಕೊಂಡು ಜೊಲ್ಲಿನಲ್ಲಿ ಹೊಳೆಯುತ್ತಾ.

ಅಜ್ಜಿ ಕೂದಲು ನೋಡಿದಳು. ಅಮ್ಮನನ್ನು ನೋಡಿದಳು. ಅಮ್ಮನ ಮುಖವನ್ನು ನಾನು ಬರೆಯುವುದಿಲ್ಲ.

ಅಜ್ಜಿ ಆ ಕೂದಲನ್ನು ಜಗಲಿಯ ಕಂಬಕ್ಕೆ ಒರೆಸಿದಳು. "ಕೂದ್ಲಿಲ್ದಿರೋ ಅಡಿಗೆ ಯಾರ ಮನೇಲೈತೆ, ಹೇಳ್ರೇ ನೋಡೋಣ. ನಮ್ಮ ಸೊಸೆ ಮುದ್ದೇಲಿ ದಿನಾ ಒಂದು ಹಗ್ಗ ಸಿಗ್ತದೆ, ಎಮ್ಮೆ ಕಟ್ಬೋದು."

"ಅತ್ತೇ!" ಅಂದಳು ಬಾಗಿಲ ಹಿಂದಿನಿಂದ ಸೊಸೆ. ಹೆಂಗಸರೆಲ್ಲ ನಕ್ಕರು. ರಂಗಮ್ಮನೂ ನಕ್ಕಳು. ಅಜ್ಜಿ ಮೂರನೆಯದು ಬಾಯಿಗೆ ಹಾಕಿಕೊಂಡಳು. ಆಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು.

"ಇವನ್ಯಾಕೆ ಬೂದಿ ಬಡಿದಂಗವ್ನೆ? ತಿಂದಿಲ್ವಾ? ಬಾಯಿ ತೆಗ್ಯೋ."

ತೆಗೆಯಲಿಲ್ಲ. ಅವಳೇ ಗಲ್ಲ ಹಿಡಿದು ತೆಗೆಸಿ ಒಂದು ಕಲ್ಕಲ್ ತುರುಕಿದಳು, ಕೂದಲು ಎಳೆದ ಅದೇ ಎರಡು ಬೆರಳಿನಿಂದ. ಅವಳ ಎಂಜಲು ನನ್ನ ತುಟಿಗೆ ತಣ್ಣಗೆ ತಾಗಿತು. ಎಲ್ಲರೂ ನೋಡುತ್ತಿದ್ದರು. ಅಮ್ಮ ನೋಡುತ್ತಿದ್ದಳು. ನುಂಗಿದೆ. ನುಂಗಿ, ಹುಲ್ಲಿನ ಮೆದೆಯ ಹಿಂದೆ ಓಡಿ, ಕರುಳೆಲ್ಲ ಬಾಯಿಗೆ ಬರುವ ಹಾಗೆ ವಾಂತಿ ಮಾಡಿದೆ. ಹೊಸ ಅಂಗಿಯ ಮೇಲೆ.

ಮನೆಗೆ ಬಂದಾಗ ಅಮ್ಮ ಬಾಚಣಿಗೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಫಿಲೋಮಿಯ ತಲೆ ನೋಡಿದಳು. ನನ್ನ ಅಂಗಿ ನೋಡಿದಳು. ಬಾಚಣಿಗೆಯನ್ನು ಮುರಿದು ಒಲೆಗೆ ಹಾಕಿದಳು.

"ಮರಿಯಾ, ತೊಳೆದೆ ಕಣೆ," ಅಂದಳು ಅತ್ತೆ. "ಮಗು ಮೂರು ತಿಂಗ್ಳಿಂದ ನಿದ್ದೆ ಮಾಡಿಲ್ಲ. ನಮ್ಮನೇಲಿ ಬಾಚಣಿಗೇನೂ ಉಳಿದಿಲ್ಲ."

ಅಮ್ಮ ಸೀತಾಫಲದ ಬೀಜ ಕುಟ್ಟಿ, ಎಣ್ಣೆಯಲ್ಲಿ ಕಲಸಿ, ಫಿಲೋಮಿಯನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು. "ತಲೆ ಬಗ್ಸೇ. ಕಣ್ಣು ಮುಚ್ಕೊ, ಉರೀತದೆ." ಹಬ್ಬದ ಸೀರೆಯಲ್ಲೇ ಕುಳಿತು ಹಚ್ಚಿದಳು. ಆಮೇಲೆ ನನ್ನನ್ನು ಕರೆದಳು.

"ನೀನು ನೋಡಿದ್ಯಾ?"

"ಹೂಂ."

"ಯಾಕೋ ಹೇಳ್ಲಿಲ್ಲ?"

"ಕಲ್ಕಲ್ ಕದ್ದಿದ್ದೆ."

ಸೌಟಿನಲ್ಲಿ ಎರಡು ಬಿಟ್ಟಳು. "ಕದ್ದಿದ್ದಕ್ಕೊಂದು. ಹೇಳ್ದೇ ಇದ್ದಿದ್ದಕ್ಕೊಂದು." ಎರಡನೆಯದು ಜೋರಾಗಿತ್ತು.

ಮುಂದಿನ ಡಿಸೆಂಬರಿನಲ್ಲಿ ಅಮ್ಮ ಬಾಳೆಹಣ್ಣಿಗೆ ಹೇಳಿ ಕಳಿಸಿದ್ದಳು. ಇನ್ನು ಅಜ್ಜಿ ನಮ್ಮ ತಿಂಡಿ ಮುಟ್ಟುವುದಿಲ್ಲ ಅಂತ ಅವಳ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಒಂದು ದಿನ ಅಜ್ಜಿ ಕೆಂಗೇರಿ ಸಂತೆಯಿಂದ ಬಂದವಳು ನೇರ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. ಅವಳು ನಮ್ಮ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಮಡಿಲಿನಿಂದ ಎರಡು ಮರದ ಬಾಚಣಿಗೆ ತೆಗೆದು ನೆಲದ ಮೇಲಿಟ್ಟಳು.

"ಇದು ತಲೆಗೆ. ಇದು ತಿಂಡಿಗೆ. ಬದಲಾಯಿಸ್ಬೇಡ ಕಣೆ."

ಅಂದರೆ ಅವಳಿಗೆ ಗೊತ್ತಿತ್ತು. ಜಗಲಿಯ ಮೇಲೆ ಕುಳಿತಾಗಲೇ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಮೂರನೆಯದನ್ನು ತಿಂದಳು. ಆಮೇಲೂ ನಾಲ್ಕು ವರ್ಷ ತಿಂದಳು, ಒಂದೊಂದೇ ಹಲ್ಲು ಉದುರಿದ ಹಾಗೆಲ್ಲ ಹಾಲಿನಲ್ಲಿ ನೆನೆಸಿಕೊಂಡು.

ಬಡಾವಣೆಗೆ ಅಂತ ಅವಳ ಹೊಲ ಹೋಯಿತು. ಸರಪಳಿ ಹಿಡಿದು ಅಳೆದರು, ಕಲ್ಲು ನೆಟ್ಟರು, ಸಾಲುಮನೆ ಕೆಡವಿದರು. ಅಜ್ಜಿ ಎಮ್ಮೆ ಮಾರಿ ಉಲ್ಲಾಳದ ಅಣ್ಣನ ಮನೆಗೆ ಹೋದಳು. ಮತ್ತೆ ನೋಡಲಿಲ್ಲ.

ಈಗ ನಾವು ರಾಜಾಜಿನಗರದಲ್ಲಿದ್ದೇವೆ. ನಾನು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುತ್ತೇನೆ. ಮನೆಗೆ ನಲ್ಲಿ ಇದೆ, ಹೇನಿಲ್ಲ, ಎಮ್ಮೆ ನಾತ ಇಲ್ಲ. ಲೂರ್ದು ಮದುವೆಯಾಗಿ ಹೋದ ಮನೆಯಿಂದ ಫೋರ್ಕ್ ತಂದುಕೊಟ್ಟಿದ್ದಾಳೆ. ಅಮ್ಮ ಅದನ್ನು ಮುಟ್ಟುವುದಿಲ್ಲ. ಅಜ್ಜಿ ಕೊಟ್ಟ ಬಾಚಣಿಗೆಯಲ್ಲೇ ಒತ್ತುತ್ತಾಳೆ. ಎರಡು ಹಲ್ಲು ಮುರಿದಿವೆ, ಆದ್ದರಿಂದ ನಮ್ಮ ಮನೆಯ ಕಲ್ಕಲ್ಲಿನ ನಡುವೆ ಒಂದು ಕಡೆ ಗೆರೆ ಇರುವುದಿಲ್ಲ. ಎಲ್ಲಿ ಕಂಡರೂ ಗುರುತು ಸಿಗುತ್ತದೆ. ನಾನು ಮಾತ್ರ ಅವತ್ತಿನಿಂದ ಇವತ್ತಿನವರೆಗೂ ತಿಂದಿಲ್ಲ.

ಕಳೆದ ಕ್ರಿಸ್‌ಮಸ್ಸಿಗೆ ಪಕ್ಕದ ಮನೆಗೆ ತಟ್ಟೆ ಕೊಟ್ಟೆ. ಆಫೀಸಿಗೆ ಹೋಗುವ ಜನ, ಓದಿದವರು. ಗಂಡ ಹೆಂಡತಿ ಇಬ್ಬರೂ ಬಾಗಿಲಿಗೆ ಬಂದು ಎರಡೂ ಕೈಯಲ್ಲಿ ತೆಗೆದುಕೊಂಡರು. ನೀರು ಚಿಮುಕಿಸಲಿಲ್ಲ. "ಹ್ಯಾಪಿ ಕ್ರಿಸ್‌ಮಸ್, ಅಮ್ಮಂಗೆ ಥ್ಯಾಂಕ್ಸ್ ಹೇಳಿ," ಅಂದರು. ಸಂಜೆಗೆ ತಟ್ಟೆ ತೊಳೆದು, ಬರಿದೇ ಕೊಡಬಾರದು ಅಂತ ಸಕ್ಕರೆ ಹಾಕಿ ಕಳಿಸಿದರು. ಅಮ್ಮನಿಗೆ ಖುಷಿಯೋ ಖುಷಿ.

ಮರುದಿನ ಬೆಳಿಗ್ಗೆ ಶಿಫ್ಟಿಗೆ ಹೊರಟಾಗ ರಸ್ತೆ ತಿರುವಿನ ಕಸದ ತೊಟ್ಟಿಯಲ್ಲಿ ಕಲ್ಕಲ್ ಬಿದ್ದಿದ್ದವು. ನಡುವೆ ಗೆರೆ ಇಲ್ಲದವು. ಎಲ್ಲವೂ. ಒಂದನ್ನೂ ಕಚ್ಚಿರಲಿಲ್ಲ. ಅದರಲ್ಲಿ ಕೂದಲಿರಲಿಲ್ಲ, ಸೀರಿರಲಿಲ್ಲ, ನಲ್ಲಿ ನೀರಿನಲ್ಲಿ ತೊಳೆದ ಕೈಯಲ್ಲಿ ಮಾಡಿದ್ದು. ಹೇನು ಟಪ ಟಪ ಬಿದ್ದಾಗಲೂ, ಅಜ್ಜಿಯ ಎಂಜಲು ಬೆರಳು ಬಾಯಿಗೆ ಬಂದಾಗಲೂ ನನಗೆ ಅಷ್ಟು ಹೇಸಿಗೆ ಆಗಿರಲಿಲ್ಲ.

ಅಮ್ಮ ಹಾಲಿಗೆ ಅದೇ ದಾರಿಯಲ್ಲಿ ಬರುತ್ತಾಳೆ. ನಾನು ಚಪ್ಪಲಿ ಕಾಲಿನಿಂದ ಬೂದಿ, ಎಲೆ, ತರಕಾರಿ ಸಿಪ್ಪೆ ಎಳೆದು ಅದರ ಮೇಲೆ ಮುಚ್ಚಿದೆ. ಶಿಫ್ಟಿಗೆ ತಡವಾಯಿತು, ಬೈಸಿಕೊಂಡೆ.

ಸಂಜೆ ಅಮ್ಮ ಬಾಚಣಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತುತ್ತಾ ಕೇಳಿದಳು, "ಪಕ್ಕದ್ಮನೆಯೋರು ತಿಂದ್ರಂತೇನೋ?"

"ತಿಂದ್ರಂತೆ," ಅಂದೆ. "ಎಲ್ಲಾ ಖಾಲಿ."